ನೆರಳುಗಳನ್ನು ಕೂಡಿಸಿದವರು



ಸುಮಾರು ಒಂದೂವರೆ ವರ್ಷದಿಂದ ನಾನು ಇಲ್ಲಿ ಏನನ್ನೂ ಬರೆದಿರಲಿಲ್ಲ. ಕಾರಣ ನಿಮ್ಮಲ್ಲಿ ಬಹುತೇಕರಿಗೆ ತಿಳಿದೇ ಇದೆ. ನನ್ನ ಪತ್ನಿಗೆ, ಅಂದರೆ ನೀವೆಲ್ಲರೂ ‘ಮೇಷ್ಟ್ರ ಮನೆ ಅಮ್ಮ’ ಎಂದು ಕರೆಯುತ್ತಿದ್ದವರಿಗೆ, ದುಗ್ಧಗ್ರಂಥಿಗಳ ಕ್ಯಾನ್ಸರ್ ಇದೆಯೆಂದು ತಿಳಿದುಬಂತು. ವೈದ್ಯರು ಅದನ್ನು ಲಿಂಫೋಮಾ ಎನ್ನುತ್ತಾರೆ. ಅಂದಿನಿಂದ ನಮ್ಮ ಮನೆಯ ಪಂಚಾಂಗವೇ ಬದಲಾಯಿತು. ಹಬ್ಬ ಹುಣ್ಣಿಮೆಗಳ ಬದಲು ಕೀಮೋ ಚಿಕಿತ್ಸೆಯ ದಿನಗಳನ್ನು ಎಣಿಸತೊಡಗಿದೆವು. ಆ ದಿನಗಳಲ್ಲಿ ದೂರವಾಣಿ ಮಾಡಿದವರೆಲ್ಲರೂ ಕ್ಷೇಮಸಮಾಚಾರದ ನಂತರ ಕೇಳುತ್ತಿದ್ದ ಪ್ರಶ್ನೆ ಒಂದೇ: “ಸಾರ್, ಸ್ಕ್ಯಾನಿನಲ್ಲಿ ಏನು ಬಂತು?”

ಪ್ರಶ್ನೆ ಸಹಜವಾದುದೇ. ಆದರೆ ಅದರ ಹಿಂದೆ ಒಂದು ನಂಬಿಕೆ ಅಡಗಿದೆ. ಸ್ಕ್ಯಾನ್ ಯಂತ್ರವು ಒಂದು ನ್ಯಾಯಾಲಯವಿದ್ದಂತೆ, ಅದು ಹೇಳಿದ್ದೇ ತೀರ್ಪು ಎಂಬ ನಂಬಿಕೆ ಅದು. ಮೂವತ್ತನಾಲ್ಕು ವರ್ಷ ಗಣಿತ, ವಿಜ್ಞಾನಗಳನ್ನು ಬೋಧಿಸಿದ ನಾನೂ ಹಾಗೆಯೇ ನಂಬಿದ್ದೆ. ಬೆಂಗಳೂರಿನ ಆಸ್ಪತ್ರೆಯ ನಿರೀಕ್ಷಣಾ ಕೊಠಡಿಯಲ್ಲಿ ಕುಳಿತು ಕಾಲ ಕಳೆಯುವುದು ಕಷ್ಟವಾದಾಗ, ಈ ಯಂತ್ರ ಹುಟ್ಟಿದ ಬಗೆಯನ್ನು ಓದತೊಡಗಿದೆ. ಅದರ ಚರಿತ್ರೆ ತಿಳಿಯುತ್ತಾ ಹೋದಂತೆ, ಅದು ನಮಗೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದೂ ನಿಚ್ಚಳವಾಯಿತು. ಆ ತಿಳಿವಳಿಕೆ ಮುಂದೆ ನಮ್ಮ ಮನೆಯಲ್ಲೇ ಒಂದು ದೊಡ್ಡ ಪರೀಕ್ಷೆಗೆ ಒಳಗಾಯಿತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕ್ಷ-ಕಿರಣದ ಪಾಠ ನಿಮಗೆ ನೆನಪಿರಬಹುದು. 1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಅದನ್ನು ಕಂಡರು. ಅದೇ ಡಿಸೆಂಬರ್ 22ರಂದು ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದರು; ಮೂಳೆಗಳೂ ಬೆರಳಿನ ಉಂಗುರವೂ ಅದರಲ್ಲಿ ಮೂಡಿದ್ದವು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಈ ಆವಿಷ್ಕಾರಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ ಎಂಬುದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಒತ್ತಿ ಹೇಳುತ್ತಿದ್ದೆ.

ಆದರೆ ಕ್ಷ-ಕಿರಣದ ಚಿತ್ರಕ್ಕೆ ಒಂದು ಮೂಲಭೂತ ಕೊರತೆಯಿದೆ. ಅದು ಬರಿಯ ನೆರಳು. ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪರದೆಯ ಹಿಂದೆ ಒಂದು ಗೊಂಬೆಯ ಬೆನ್ನಿಗೆ ಇನ್ನೊಂದನ್ನು ಹಿಡಿದರೆ ನಮಗೆ ಕಾಣುವುದು ಎರಡೂ ಬೆರೆತ ಒಂದೇ ಆಕೃತಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲಾಗದು. ಎದೆಯ ಚಿತ್ರದಲ್ಲಿಯೂ ಹಾಗೆಯೇ ಪಕ್ಕೆಲುಬು, ಹೃದಯ, ಶ್ವಾಸಕೋಶ, ಬೆನ್ನೆಲುಬು ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ತಲೆಬುರುಡೆಯೊಳಗಿನ ಮೃದುವಾದ ಮಿದುಳಂತೂ ಕಾಣುವುದೇ ಇಲ್ಲ. ಮಿದುಳಿನಲ್ಲಿ ಗೆಡ್ಡೆಯಿದೆಯೇ ಎಂದು ತಿಳಿಯಲು ವೈದ್ಯರು ಎಷ್ಟೋ ದಶಕಗಳ ಕಾಲ ಬಹಳ ನೋವಿನ ಪರೀಕ್ಷೆಗಳನ್ನು ಮಾಡಬೇಕಾಗುತ್ತಿತ್ತು.

ಒಂದೇ ನೆರಳು ಸಾಲದು ನಿಜ. ಹಲವು ದಿಕ್ಕಿನಿಂದ ಹಲವು ನೆರಳುಗಳನ್ನು ಪಡೆದು ಕೂಡಿಸಿದರೆ? ಇಲ್ಲಿ ನನ್ನ ಹಳೆಯ ಚಾಳಿಯಂತೆ ಒಂದು ಲೆಕ್ಕ ಕೊಡುತ್ತೇನೆ.

ಒಂದು ಚೌಕವನ್ನು ನಾಲ್ಕು ಮನೆಗಳಾಗಿ ಭಾಗಿಸಿ, ಪ್ರತಿ ಮನೆಯಲ್ಲೂ ಕೆಲವು ಹುಣಸೆ ಬೀಜಗಳನ್ನಿಟ್ಟು ಮುಚ್ಚಿದ್ದೇನೆ ಎಂದುಕೊಳ್ಳಿ. ನಿಮಗೆ ಒಳಗೆ ನೋಡಲು ಅನುಮತಿಯಿಲ್ಲ. ಮೊತ್ತಗಳನ್ನು ಮಾತ್ರ ಹೇಳುತ್ತೇನೆ. ಮೇಲಿನ ಸಾಲಿನ ಮೊತ್ತ 8, ಕೆಳಗಿನ ಸಾಲಿನದೂ 8. ಎಡಗಡೆಯ ಕಂಬಸಾಲಿನ ಮೊತ್ತ 4, ಬಲಗಡೆಯದು 12. ಮೇಲಿನ ಸಾಲಿನಲ್ಲಿ 2 ಮತ್ತು 6, ಕೆಳಗೆ 2 ಮತ್ತು 6 ಎಂದು ನೀವು ಉತ್ತರಿಸಿದರೆ ನಾಲ್ಕೂ ಮೊತ್ತಗಳು ಸರಿಹೊಂದುತ್ತವೆ. ಆದರೆ ಮೇಲೆ 3 ಮತ್ತು 5, ಕೆಳಗೆ 1 ಮತ್ತು 7 ಎಂದರೂ ಸರಿಹೊಂದುತ್ತವೆ! ಈಗ ಒಂದು ಕರ್ಣದ ಮೊತ್ತವನ್ನೂ ಹೇಳುತ್ತೇನೆ: ಎಡ ಮೇಲ್ಮೂಲೆ ಮತ್ತು ಬಲ ಕೆಳಮೂಲೆ ಕೂಡಿದರೆ 10. ಕೂಡಲೇ ಮೊದಲನೆಯ ಉತ್ತರ ಬಿದ್ದುಹೋಗುತ್ತದೆ, ಎರಡನೆಯದೊಂದೇ ಉಳಿಯುತ್ತದೆ. ಮುಚ್ಚಳ ತೆರೆಯದೆಯೇ ಒಳಗಿರುವುದು ತಿಳಿಯಿತು. ಸಿ.ಟಿ. ಸ್ಕ್ಯಾನಿನ ಮೂಲತತ್ತ್ವ ಇಷ್ಟೇ. ಸಾಲು, ಕಂಬಸಾಲು, ಕರ್ಣಗಳ ಜಾಗದಲ್ಲಿ ನಾನಾ ಕೋನಗಳಿಂದ ಹಾಯಿಸಿದ ಕ್ಷ-ಕಿರಣಗಳಿವೆ. ಬೀಜಗಳ ಜಾಗದಲ್ಲಿ ದೇಹದ ಪ್ರತಿ ಬಿಂದುವಿನ ಸಾಂದ್ರತೆಯಿದೆ. ಈ ಕರ್ಣದ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈ ಲೆಕ್ಕವನ್ನು ಗಣಿತದ ಶುದ್ಧ ರೂಪದಲ್ಲಿ ಬಿಡಿಸಿದವರು ಯೋಹಾನ್ ರಾಡಾನ್ ಎಂಬ ಆಸ್ಟ್ರಿಯಾದ ಗಣಿತಜ್ಞರು, 1917ರಲ್ಲಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ವೈದ್ಯಕೀಯದ ಪ್ರಸ್ತಾಪವೇ ಆ ಲೇಖನದಲ್ಲಿರಲಿಲ್ಲ. ಗಣಿತಜ್ಞರ ಕಪಾಟಿನಲ್ಲಿ ಅದು ದಶಕಗಳ ಕಾಲ ಹಾಗೆಯೇ ಉಳಿಯಿತು.

1955ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಭೌತವಿಜ್ಞಾನಿಯ ಹುದ್ದೆ ತೆರವಾಯಿತು. ವಿಕಿರಣ ವಸ್ತುಗಳ ಬಳಕೆಯ ಮೇಲೆ ಅರ್ಹ ಭೌತವಿಜ್ಞಾನಿಯೊಬ್ಬರ ನಿಗಾ ಇರಲೇಬೇಕೆಂದು ಅಲ್ಲಿನ ಕಾನೂನು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅಲನ್ ಕಾರ್ಮಾಕ್ ವಾರಕ್ಕೆ ಒಂದೂವರೆ ದಿನ ಆ ಕೆಲಸ ನೋಡಿಕೊಳ್ಳಲು ಒಪ್ಪಿದರು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆಯ ಪ್ರಮಾಣವನ್ನು ಲೆಕ್ಕಹಾಕುವಾಗ, ದೇಹವೆಲ್ಲ ಒಂದೇ ಸಮನಾದ ವಸ್ತುವೆಂದು ಭಾವಿಸುತ್ತಿದ್ದುದು ಅವರಿಗೆ ಸರಿಯೆನಿಸಲಿಲ್ಲ. ಮೂಳೆ ಬೇರೆ, ಶ್ವಾಸಕೋಶ ಬೇರೆ. ಹೊರಗಿನಿಂದ ಅಳೆದು ಒಳಗಿನ ವ್ಯತ್ಯಾಸವನ್ನು ತಿಳಿಯುವುದು ಹೇಗೆಂದು ಯೋಚಿಸಿ, ರಾಡಾನ್ ಬಿಡಿಸಿದ್ದ ಲೆಕ್ಕವನ್ನೇ ಅದರ ಅರಿವಿಲ್ಲದೆ ತಾವೂ ಬಿಡಿಸಿದರು. 1963 ಮತ್ತು 1964ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ಯಾರೂ ಗಮನಿಸಲಿಲ್ಲವೆಂದೇ ಹೇಳಬೇಕು. ಲೇಖನದ ಪ್ರತಿ ಬೇಕೆಂದು ಬಂದ ಪತ್ರಗಳಲ್ಲಿ ಅತ್ಯಂತ ಸ್ವಾರಸ್ಯಕರವಾದುದು ಸ್ವಿಟ್ಜರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರದಿಂದ ಬಂದದ್ದು ಎಂದು ಅವರೇ ಮುಂದೆ ನೊಬೆಲ್ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. ಬೆಟ್ಟದ ಮೇಲಿನ ಹಿಮರಾಶಿಯೊಳಗನ್ನು ನೋಡುವ ಆಸೆ ಅವರದು!

ಇತ್ತ ಇಂಗ್ಲೆಂಡಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಇದ್ದರು. 1919ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಜನನ. ಬೆಳೆದದ್ದು ಹಳ್ಳಿಯ ಹೊಲದ ಮನೆಯಲ್ಲಿ. ಹುಡುಗನಾಗಿದ್ದಾಗ ಹುಲ್ಲಿನ ಮೆದೆಯ ಮೇಲಿಂದ ತಾನೇ ಕಟ್ಟಿದ ಗ್ಲೈಡರಿನಲ್ಲಿ ಹಾರಿದವರು. ಟಾರಿನ ಪೀಪಾಯಿಗೆ ನೀರು ತುಂಬಿ, ಅಸಿಟಿಲೀನ್ ಅನಿಲ ಸಿಡಿಸಿ ಅದು ಎಷ್ಟೆತ್ತರ ಹಾರುವುದೆಂದು ನೋಡಲು ಹೋಗಿ ಪ್ರಾಣಕ್ಕೇ ಕುತ್ತು ತಂದುಕೊಳ್ಳಲಿದ್ದವರು. ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬಿಟ್ಟರೆ ಬೇರಾವುದೂ ಅವರಿಗೆ ಸುಲಭವಾಗಿ ಹತ್ತಲಿಲ್ಲ. ಇದನ್ನು ಓದುವಾಗ ನನ್ನ ಹಿಂದಿನ ಬೆಂಚಿನ ಕೆಲವು ಮುಖಗಳು ಕಣ್ಮುಂದೆ ಬಂದು ಸ್ವಲ್ಪ ನಾಚಿಕೆಯೂ ಆಯಿತು. ಅಂಥವರನ್ನು ನಾನು ಎಷ್ಟು ಸಲ ಹೊರಗೆ ನಿಲ್ಲಿಸಿದ್ದೆನೋ! ಹೌನ್ಸ್‌ಫೀಲ್ಡ್ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ವಾಯುಪಡೆಯಲ್ಲಿ ರೇಡಾರ್ ಕಲಿತು, ಎಂಜಿನಿಯರಿಂಗ್ ಡಿಪ್ಲೊಮಾ ಪಡೆದು, ಇ.ಎಂ.ಐ. ಕಂಪನಿಯನ್ನು ಸೇರಿದರು.

ಬೀಟಲ್ಸ್ ಗಾಯಕರ ಧ್ವನಿಮುದ್ರಿಕೆಗಳನ್ನು ಮಾರುತ್ತಿದ್ದ ಕಂಪನಿಯೇ ಇದು. ಆ ಹಾಡುಗಳ ಲಾಭದಿಂದಲೇ ಸಿ.ಟಿ. ಸ್ಕ್ಯಾನ್ ಹುಟ್ಟಿತೆಂಬ ಕಥೆ ನಿಮಗೂ ವಾಟ್ಸಾಪಿನಲ್ಲಿ ಬಂದಿರಬಹುದು. ಕೇಳಲು ಚೆನ್ನಾಗಿದೆ, ಆದರೆ ಬ್ರಿಟನ್ನಿನ ಆರೋಗ್ಯ ಇಲಾಖೆಯೂ ಈ ಸಂಶೋಧನೆಗೆ ಗಣನೀಯ ಹಣವನ್ನು ಕೊಟ್ಟಿತ್ತು ಎಂಬುದನ್ನು ಆ ಕಥೆ ಮರೆಸುತ್ತದೆ.

ಹೌನ್ಸ್‌ಫೀಲ್ಡರಿಗೆ ಈ ಆಲೋಚನೆ ಹೊಳೆದದ್ದು 1967ರಲ್ಲಿ. ರಾಡಾನರೂ ಕಾರ್ಮಾಕರೂ ಅವರಿಗೆ ಗೊತ್ತಿರಲಿಲ್ಲ. ಮೊದಲ ಉಪಕರಣದಲ್ಲಿ ದುರ್ಬಲವಾದ ಗಾಮಾ ಕಿರಣಗಳನ್ನು ಬಳಸಿದ್ದರಿಂದ ಒಂದು ಚಿತ್ರಕ್ಕೆ ಬೇಕಾದ ಅಳತೆಗಳನ್ನು ಮುಗಿಸಲು ಒಂಬತ್ತು ದಿನಗಳು ಹಿಡಿದವು. ಕ್ಷ-ಕಿರಣ ಕೊಳವೆಯನ್ನು ಜೋಡಿಸಿದ ಮೇಲೆ ಅದು ಒಂಬತ್ತು ಗಂಟೆಗಳಿಗೆ ಇಳಿಯಿತು. ಪ್ರಯೋಗಕ್ಕಾಗಿ ಕಸಾಯಿಖಾನೆಯಿಂದ ಎತ್ತಿನ ಮಿದುಳನ್ನು ಲಂಡನ್ನಿನ ರೈಲಿನಲ್ಲಿ ತಾವೇ ಹೊತ್ತು ತರುತ್ತಿದ್ದರಂತೆ. ಜೇಮ್ಸ್ ಆಂಬ್ರೋಸ್ ಎಂಬ ವೈದ್ಯರು ಜೊತೆಯಾದರು. 1971ರ ಅಕ್ಟೋಬರ್ 1ರಂದು, ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮಿದುಳಿನ ಮುಂಭಾಗದಲ್ಲಿ ಗೆಡ್ಡೆಯಿದೆಯೆಂಬ ಅನುಮಾನವಿದ್ದ ಮಹಿಳೆಯೊಬ್ಬರ ತಲೆಯನ್ನು ಯಂತ್ರ ನೋಡಿತು. ಉದ್ದಕ್ಕೆ 80, ಅಗಲಕ್ಕೆ 80, ಒಟ್ಟು 6,400 ಮನೆಗಳ ಚಿತ್ರ ಅದು. ನಮ್ಮ ಹುಣಸೆ ಬೀಜದ ಲೆಕ್ಕದಲ್ಲಿ ನಾಲ್ಕು ಅಜ್ಞಾತಗಳಿದ್ದರೆ ಇಲ್ಲಿ 6,400. ಬಿಡಿಸಬೇಕಾದ ಸಮೀಕರಣಗಳು ಸುಮಾರು 28,000. ಗೆಡ್ಡೆ ದುಂಡಗಿನ ಕಪ್ಪು ಕಲೆಯಾಗಿ ಸ್ಪಷ್ಟವಾಗಿ ಕಂಡಿತು. ಶಸ್ತ್ರಚಿಕಿತ್ಸೆ ಮಾಡಿದಾಗ ಚಿತ್ರದಲ್ಲಿ ತೋರಿದ ಜಾಗದಲ್ಲೇ ಅದು ಸಿಕ್ಕಿತು.

ಈಗಲೂ ಸಿ.ಟಿ. ವರದಿಗಳಲ್ಲಿ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲೇ ಬರೆಯುತ್ತಾರೆ. ನೀರಿಗೆ 0, ಗಾಳಿಗೆ -1000. 1979ರಲ್ಲಿ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ಒಟ್ಟಾಗಿ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಬಂತು. ಇಬ್ಬರಲ್ಲಿ ಯಾರಿಗೂ ಡಾಕ್ಟರೇಟ್ ಪದವಿ ಇರಲಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದುತ್ತಿದ್ದಾಗ ನನಗೆ ರೋಮಾಂಚನವಾದದ್ದು ಈ ಭಾಗವನ್ನು ಓದಿ. ವಿಂಬಲ್ಡನ್ನಿನಲ್ಲಿ ಆ ಮೊದಲ ರೋಗಿಯ ಪರೀಕ್ಷೆ ನಡೆದದ್ದು 1971ರ ಅಕ್ಟೋಬರಿನಲ್ಲಿ. ಅದರ ಹಿಂದಿನ ತಿಂಗಳು, ಅಂದರೆ ಸೆಪ್ಟೆಂಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಾವು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಸಂಸ್ಥೆಯ, ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ವಿಷಯ, ಕ್ಷ-ಕಿರಣದ ನೆರಳುಗಳಿಂದ ಮೂರು ಆಯಾಮದ ರೂಪವನ್ನು ಮರಳಿ ಕಟ್ಟುವುದು!

ರಾಮಚಂದ್ರನ್ ಸರ್ ಸಿ.ವಿ. ರಾಮನ್ ಅವರ ಶಿಷ್ಯರು. ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತಿದೆ ಎಂದು ತೋರಿಸಿ ಅದಾಗಲೇ ಜಗತ್ಪ್ರಸಿದ್ಧರಾಗಿದ್ದವರು. ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಸಿಗುತ್ತದೆ. ಆದರೆ ಪ್ರತಿ ಬಿಂದುವಿನ ಸುತ್ತಲೂ ಮಂಜು ಕವಿದಂತೆ ಮಸುಕಾಗಿರುತ್ತದೆ. ಹರಡುವ ಮುನ್ನವೇ ಪ್ರತಿ ನೆರಳನ್ನೂ ಒಂದು ಗೊತ್ತಾದ ರೀತಿಯಲ್ಲಿ ತಿದ್ದಿಕೊಂಡರೆ ಆ ಮಂಜು ತಾನಾಗಿ ಕರಗುತ್ತದೆ ಮತ್ತು ಗಣಕದ ಶ್ರಮವೂ ಬಹಳ ಕಡಿಮೆಯಾಗುತ್ತದೆ ಎಂದು ಇವರು ತೋರಿಸಿಕೊಟ್ಟರು. ಇದಕ್ಕೆ ಹೋಲುವ ವಿಧಾನವನ್ನು 1967ರಲ್ಲಿ ರೇಡಿಯೋ ಖಗೋಳಶಾಸ್ತ್ರಕ್ಕಾಗಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬುವರು ಬರೆದಿದ್ದರು ಎಂಬುದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಮುಂದೆ ಬಂದ ಸಿ.ಟಿ. ಯಂತ್ರಗಳು ದಶಕಗಳ ಕಾಲ ಚಿತ್ರ ಕಟ್ಟಿದ್ದು ಬಹುಮಟ್ಟಿಗೆ ಈ ಬಗೆಯ ವಿಧಾನದಿಂದಲೇ. ಎಂಜಿನಿಯರಿಂಗ್ ಓದಿದ ಹುಡುಗರು ಪುಸ್ತಕದಲ್ಲಿ ‘ರಾಮ್-ಲಕ್’ ಎಂಬ ಹೆಸರನ್ನು ಕಂಡಿರಬಹುದು. ಅದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಹೆಸರುಗಳ ಮೊದಲಕ್ಷರಗಳು. ರಾಮ ಲಕ್ಷ್ಮಣರೆಂದು ನಾನು ಮೊದಲು ತಿಳಿದಿದ್ದೆ!

* * *

ಸಿ.ಟಿ. ಯಂತ್ರವು ಆಕಾರವನ್ನು ತೋರಿಸುತ್ತದೆ. ಗೆಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂದು ಮಿಲಿಮೀಟರುಗಳಲ್ಲಿ ಹೇಳುತ್ತದೆ. ಆದರೆ ಚಿಕಿತ್ಸೆಯ ನಂತರ ಉಳಿದ ಒಂದು ಗಂಟು ಜೀವಂತ ಕ್ಯಾನ್ಸರೋ, ಸತ್ತು ಉಳಿದ ಕಲೆಯೋ ಎಂದು ಆಕಾರವನ್ನಷ್ಟೇ ನೋಡಿ ಹೇಳುವುದು ಕಷ್ಟ. ಮನೆ ನಿಂತಿದೆ ಎಂದಮಾತ್ರಕ್ಕೆ ಒಳಗೆ ಜನ ವಾಸವಾಗಿದ್ದಾರೆ ಎನ್ನಲಾಗುವುದಿಲ್ಲವಷ್ಟೆ. ಒಲೆ ಉರಿಯುತ್ತಿದೆಯೇ ಎಂದು ನೋಡಬೇಕು. ಪೆಟ್ ಸ್ಕ್ಯಾನ್ ನೋಡುವುದು ಆ ಒಲೆಯನ್ನು.

1920ರ ದಶಕದಲ್ಲಿ ಬರ್ಲಿನ್ನಿನ ಆಟೋ ವಾರ್‌ಬರ್ಗ್ ಕ್ಯಾನ್ಸರ್ ಜೀವಕೋಶಗಳು ಸಾಮಾನ್ಯ ಕೋಶಗಳಿಗಿಂತ ಬಹಳ ಹೆಚ್ಚು ಸಕ್ಕರೆಯನ್ನು, ಅಂದರೆ ಗ್ಲೂಕೋಸನ್ನು, ಕಬಳಿಸುತ್ತವೆ ಎಂದು ಕಂಡುಕೊಂಡರು. ಅದಕ್ಕೂ ಮೊದಲೇ ಹಂಗೇರಿಯ ಜಾರ್ಜ್ ದ ಹೆವೆಸಿ, ಒಂದು ವಸ್ತುವಿಗೆ ಚೂರು ವಿಕಿರಣ ಪದಾರ್ಥವನ್ನು ಬೆರೆಸಿ ಅದರ ಜಾಡನ್ನು ಹಿಡಿಯುವ ಉಪಾಯವನ್ನು ಹೂಡಿದ್ದರು. ಮ್ಯಾಂಚೆಸ್ಟರಿನಲ್ಲಿ ಅವರು ಉಳಿದುಕೊಂಡಿದ್ದ ಮನೆಯೊಡತಿ ಹಿಂದಿನ ದಿನದ ಉಳಿಕೆಯನ್ನೇ ಮತ್ತೆ ಬಡಿಸುತ್ತಾಳೆಂಬ ಗುಮಾನಿ ಬಂದು, ತಟ್ಟೆಯಲ್ಲಿ ಉಳಿದ ಆಹಾರಕ್ಕೆ ವಿಕಿರಣ ವಸ್ತುವನ್ನು ಬೆರೆಸಿ, ಮುಂದೆ ಬಂದ ಊಟದಲ್ಲಿ ಅದನ್ನು ಪತ್ತೆಮಾಡಿ ತೋರಿಸಿದರೆಂಬ ಕಥೆಯಿದೆ. ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಇದು ಬಹಳ ಇಷ್ಟವಾಗಬಹುದು.

ಮೂರನೆಯ ಎಳೆ ಪಾಸಿಟ್ರಾನ್. ಎಲೆಕ್ಟ್ರಾನಿನಷ್ಟೇ ತೂಕ, ಆದರೆ ಧನ ವಿದ್ಯುದಂಶ. ಡಿರಾಕ್ ಲೆಕ್ಕದಲ್ಲಿ ಸೂಚಿಸಿದ್ದ ಈ ಕಣವನ್ನು ಕಾರ್ಲ್ ಆಂಡರ್ಸನ್ 1932ರಲ್ಲಿ ಕಂಡರು. ಪಾಸಿಟ್ರಾನೂ ಎಲೆಕ್ಟ್ರಾನೂ ಸಂಧಿಸಿದರೆ ಎರಡೂ ಇಲ್ಲವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ನೇರ ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ಸುತ್ತಲೂ ಉಂಗುರದಂತೆ ಶೋಧಕಗಳನ್ನಿಟ್ಟರೆ, ಎದುರುಬದುರಾದ ಎರಡು ಶೋಧಕಗಳಿಗೆ ಒಂದೇ ಕ್ಷಣದಲ್ಲಿ ಕಿರಣಗಳು ತಾಗುತ್ತವೆ. ಆ ಎರಡನ್ನೂ ಸೇರಿಸಿ ಗೆರೆ ಎಳೆದರೆ ಘಟನೆ ನಡೆದದ್ದು ಆ ಗೆರೆಯ ಮೇಲೆಯೇ. ಅಂತಹ ಲಕ್ಷಾಂತರ ಗೆರೆಗಳನ್ನು ಕೂಡಿಸಿ ಮತ್ತೆ ಅದೇ ಹುಣಸೆ ಬೀಜದ ಲೆಕ್ಕ!

ಮಿದುಳಿನ ಗೆಡ್ಡೆಗಳನ್ನು ಪಾಸಿಟ್ರಾನಿನಿಂದ ಹುಡುಕುವ ಯತ್ನ 1950ರ ದಶಕದ ಆರಂಭದಲ್ಲೇ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸ್ವೀಟ್ ಮತ್ತು ಬ್ರೌನೆಲ್ ಅವರಿಂದ ನಡೆದಿತ್ತು. ಅಡ್ಡಸೀಳಿನ ಚಿತ್ರ ಕೊಡುವ ಪೆಟ್ ಯಂತ್ರವನ್ನು ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಟೆರ್-ಪೊಗೋಸಿಯನ್, ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಮತ್ತು ಸಂಗಡಿಗರು 1970ರ ದಶಕದ ನಡುವೆ ರೂಪಿಸಿದರು.

ಆ ಯಂತ್ರಕ್ಕೆ ತಕ್ಕ ಸಕ್ಕರೆಯೂ ಬೇಕಿತ್ತು. ಲೂಯಿ ಸೊಕೊಲಾಫ್ ಎಂಬುವರು ಗ್ಲೂಕೋಸನ್ನು ತುಸು ಮಾರ್ಪಡಿಸಿದರೆ ಜೀವಕೋಶ ಅದನ್ನು ಒಳಗೆ ಬಿಟ್ಟುಕೊಂಡರೂ ಪೂರ್ತಿ ಜೀರ್ಣಿಸಿಕೊಳ್ಳಲಾರದು ಎಂಬುದನ್ನು ಬಳಸಿ ಮಿದುಳಿನ ಸಕ್ಕರೆ ಬಳಕೆಯನ್ನು ಅಳೆದಿದ್ದರು. ಬೋನಿಗೆ ಹೊಕ್ಕ ಇಲಿಯಂತೆ ಆ ಸಕ್ಕರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬ್ರೂಕ್‌ಹೇವನ್ ಪ್ರಯೋಗಾಲಯದ ಆಲ್ಫ್ರೆಡ್ ವುಲ್ಫ್, ಜೊವಾನಾ ಫೌಲರ್, ಜಪಾನಿನಿಂದ ಬಂದಿದ್ದ ತತ್ಸುವೊ ಇಡೊ ಮೊದಲಾದವರು ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಜೋಡಿಸಿದರು. ಹುಟ್ಟಿದ್ದು ಎಫ್.ಡಿ.ಜಿ. ಎಂಬ ಸಕ್ಕರೆ. 1976ರ ಆಗಸ್ಟಿನಲ್ಲಿ ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ತಂದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಬ್ಬಾಸ್ ಅಲಾವಿಯವರು ಇಬ್ಬರು ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲ ಬಾರಿಗೆ ಕೊಟ್ಟರು.

ವಿಮಾನವೇ ಏಕೆ ಬೇಕಾಯಿತು? ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷಗಳು. ಬೆಳಿಗ್ಗೆ 8 ಗಂಟೆಗೆ ನೂರು ಪಾಲು ಇದ್ದರೆ 9 ಗಂಟೆ 50 ನಿಮಿಷಕ್ಕೆ ಐವತ್ತು, 11 ಗಂಟೆ 40 ನಿಮಿಷಕ್ಕೆ ಇಪ್ಪತ್ತೈದು. ಸೈಕ್ಲೋಟ್ರಾನಿನಲ್ಲಿ ತಯಾರಾದ ಗಳಿಗೆಯಿಂದಲೇ ಅದು ಕರಗುತ್ತಿರುತ್ತದೆ. ಔಷಧದ ವಾಹನ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆಯವರು ಏಕೆ ಚಡಪಡಿಸುತ್ತಾರೆಂದು ನನಗೆ ಆಮೇಲೆ ಅರ್ಥವಾಯಿತು.

ಆಕಾರ ತೋರಿಸುವ ಯಂತ್ರ ಒಂದು ಕೋಣೆಯಲ್ಲಿ, ಒಲೆ ತೋರಿಸುವ ಯಂತ್ರ ಇನ್ನೊಂದು ಕೋಣೆಯಲ್ಲಿ ಇದ್ದಾಗ ಎರಡು ಚಿತ್ರಗಳನ್ನು ಹೊಂದಿಸುವುದು ಕಷ್ಟವಾಗುತ್ತಿತ್ತು. ಡೇವಿಡ್ ಟೌನ್ಸೆಂಡ್ ಮತ್ತು ರೊನಾಲ್ಡ್ ನಟ್ ಎರಡನ್ನೂ ಒಂದೇ ಮಂಚದ ಸುತ್ತ ಜೋಡಿಸಿದರು. ಅದರ ಮೊದಲ ಮಾದರಿ 1998ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿತು. ಭಾರತಕ್ಕೆ ಪೆಟ್ ಬಂದದ್ದು 2002ರಲ್ಲಿ, ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರಕ್ಕೆ. ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಆವರಣದಲ್ಲಿ ವೈದ್ಯಕೀಯ ಸೈಕ್ಲೋಟ್ರಾನೂ ಅದೇ ಕಾಲಕ್ಕೆ ಸಿದ್ಧವಾಯಿತು. ಬೆಂಗಳೂರೂ ಸೇರಿದಂತೆ ಇತರ ನಗರಗಳಿಗೆ ಅನಂತರ ಬಂತು.

* * *

ಇನ್ನು ನಮ್ಮ ಮನೆಯ ಮಾತು. ಮೊದಲ ಪೆಟ್-ಸಿ.ಟಿ.ಗೆ ಆರು ಗಂಟೆಗಳ ಉಪವಾಸ ಹೇಳಿದ್ದರು. “ಏಕಾದಶಿ ಮಾಡಿದವಳಿಗೆ ಇದೇನು ಮಹಾ!” ಎಂದಳು ನನ್ನಾಕೆ. ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಔಷಧದ ಸೂಜಿ ಕೊಟ್ಟು, ಅಲ್ಲಿದ್ದ ಹುಡುಗಿ, “ಅಮ್ಮ, ಒಂದು ಗಂಟೆ ಓಡಾಡಬಾರದು, ಮಾತೂ ಆಡಬಾರದು, ಸುಮ್ಮನೆ ಮಲಗಿರಿ” ಎಂದಳು. ಕೆಲಸ ಮಾಡುವ ಸ್ನಾಯುವೂ ಸಕ್ಕರೆಯನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ, ಅದಕ್ಕೆ. “ಮೇಷ್ಟ್ರನ್ನು ಮದುವೆಯಾಗಿದ್ದೀನಮ್ಮ, ಬಾಯಿ ಮುಚ್ಚಿಕೊಂಡು ಕೇಳೋದು ನಲವತ್ತು ವರ್ಷದ ಅಭ್ಯಾಸ” ಎಂದು ಇವಳು ಹೇಳಿದ್ದು ಹೊರಗೆ ಕುಳಿತಿದ್ದ ನನಗೂ ಕೇಳಿಸಿತು.

ಆ ಚಿತ್ರದಲ್ಲಿ ಮಿದುಳು, ಮೂತ್ರಕೋಶ ಹೊಳೆಯುತ್ತಿದ್ದವು. ಅದು ಎಲ್ಲರಲ್ಲೂ ಸಹಜ. ಕುತ್ತಿಗೆ, ಕಂಕುಳು, ಹೊಟ್ಟೆಯ ದುಗ್ಧಗ್ರಂಥಿಗಳೂ ಹೊಳೆಯುತ್ತಿದ್ದವು, ಅದು ಸಹಜವಲ್ಲ. ಬಯಾಪ್ಸಿ ರೋಗದ ಹೆಸರನ್ನು ಹೇಳಿತ್ತು, ಸ್ಕ್ಯಾನು ಅದರ ಹರವನ್ನು ಹೇಳಿತು. ಕೆಲವು ಸುತ್ತಿನ ಕೀಮೋ ಮುಗಿದ ಮೇಲೆ ತೆಗೆದ ಎರಡನೆಯ ಚಿತ್ರದಲ್ಲಿ ಆ ದೀಪಗಳೆಲ್ಲ ಆರಿದ್ದವು. 2009ರಲ್ಲಿ ಫ್ರಾನ್ಸಿನ ದೋವಿಲ್ ಪಟ್ಟಣದಲ್ಲಿ ಸೇರಿದ ತಜ್ಞರು ಇಂತಹ ಚಿತ್ರಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡುವ ಕ್ರಮವನ್ನು ಸೂಚಿಸಿದ್ದಾರೆ. ರೋಗಿಯ ಪಿತ್ತಜನಕಾಂಗದ ಹೊಳಪಿಗಿಂತ ಗ್ರಂಥಿಯ ಹೊಳಪು ಹೆಚ್ಚೋ ಕಡಿಮೆಯೋ ಎಂಬುದು ಅದರ ಮುಖ್ಯ ಅಳತೆಗೋಲು. ಕಡಿಮೆ ಅಂಕವೇ ಒಳ್ಳೆಯದಾದ ಪರೀಕ್ಷೆ ನನ್ನ ಜೀವಮಾನದಲ್ಲಿ ಇದೊಂದೇ. ಇವಳಿಗೆ ಒಂದು ಬಂತು.

ಚಿಕಿತ್ಸೆ ಪೂರ್ತಿಯಾದ ಮೇಲೆ ಮೂರನೆಯ ಸ್ಕ್ಯಾನು. ಹಳೆಯ ಜಾಗಗಳೆಲ್ಲ ಶಾಂತವಾಗಿದ್ದವು. ಆದರೆ ಎದೆಯ ನಡುವೆ, ಮೊದಲು ಏನೂ ಇಲ್ಲದಿದ್ದ ಕಡೆ, ಎರಡು ಹೊಸ ಗ್ರಂಥಿಗಳು ಕೆಂಡದಂತೆ ಹೊಳೆಯುತ್ತಿದ್ದವು. ಅಂಕ ಐದು.

ಆ ಸಂಜೆಯನ್ನು ವಿವರಿಸಲಾರೆ. ಮಗ ವಿದೇಶದಿಂದ ದೂರವಾಣಿಯಲ್ಲಿ, “ಅಪ್ಪಾ, ಕಾಯಬೇಡಿ, ಇನ್ನೂ ಬಲವಾದ ಕೀಮೋ ತಕ್ಷಣ ಶುರುಮಾಡಿಸಿ” ಎಂದ. ನನ್ನ ಭಾವಮೈದುನ ಬೇರೆ ಊರಿನ ಆಸ್ಪತ್ರೆಯಲ್ಲಿ ಹಾಸಿಗೆಯನ್ನೂ ಗೊತ್ತುಮಾಡಿಬಿಟ್ಟಿದ್ದ. ನನ್ನ ಮನಸ್ಸೂ ಅತ್ತಲೇ ವಾಲಿತ್ತು. ವೈದ್ಯರು ಮಾತ್ರ ಒಪ್ಪಲಿಲ್ಲ. “ಮೇಷ್ಟ್ರೇ, ಅಲ್ಲಿ ಏನೋ ಸಕ್ಕರೆ ತಿನ್ನುತ್ತಿದೆ ಎಂದಷ್ಟೇ ಈ ಚಿತ್ರ ಹೇಳುತ್ತದೆ. ತಿನ್ನುತ್ತಿರುವವರು ಯಾರು ಎಂದು ಸೂಜಿ ಹಾಕಿ ನೋಡದೆ ನಾನು ಔಷಧ ಬರೆಯುವುದಿಲ್ಲ” ಎಂದರು. ಶ್ವಾಸನಾಳದ ಮೂಲಕ ಸೂಜಿ ಇಳಿಸಿ ಚೂರು ತೆಗೆದರು. ಫಲಿತಾಂಶಕ್ಕೆ ಕಾಯಬೇಕಾಯಿತು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಕಾಯುವುದೇ ತಪ್ಪೇನೋ ಎಂಬ ಅಪರಾಧಿ ಭಾವ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಬಂದ ಫಲಿತಾಂಶ ಕ್ಷಯ. ಟಿ.ಬಿ.! ಕೀಮೋದಿಂದ ದೇಹದ ರಕ್ಷಣಾಶಕ್ತಿ ಕುಗ್ಗಿದಾಗ, ಎಂದೋ ಒಳಸೇರಿ ಮಲಗಿದ್ದ ರೋಗಾಣು ಎಚ್ಚೆತ್ತಿತ್ತು. ಸೋಂಕಿನೊಡನೆ ಹೋರಾಡುವ ಜೀವಕೋಶಗಳೂ ಕ್ಯಾನ್ಸರ್ ಕೋಶಗಳಂತೆಯೇ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕ್ಷಯ ವ್ಯಾಪಕವಾಗಿರುವ ನಮ್ಮಂತಹ ದೇಶದಲ್ಲಿ ಪೆಟ್ ಚಿತ್ರವನ್ನು ಓದುವವರು ಸದಾ ನೆನಪಿಡಬೇಕಾದ ಸಂಗತಿಯಿದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಸಾವಿರ ಸಲ ಬರೆಸಿದ ನಾನು ಅದನ್ನು ಕಲಿತದ್ದು ಆಗ. ಆ ಸ್ಥಿತಿಯಲ್ಲಿ ಇನ್ನಷ್ಟು ಬಲವಾದ ಕೀಮೋ ಕೊಟ್ಟಿದ್ದರೆ ಆ ಕ್ಷಯ ಏನು ಮಾಡುತ್ತಿತ್ತೋ, ನೆನೆದರೆ ಈಗಲೂ ಮೈ ನಡುಗುತ್ತದೆ.

ಹುಣಸೆ ಬೀಜದ ಲೆಕ್ಕಕ್ಕೆ ಹಿಂದಿರುಗಿ. ಸಾಲಿನ ಮೊತ್ತ, ಕಂಬಸಾಲಿನ ಮೊತ್ತ ಎರಡೂ ಸರಿಯಿದ್ದವು. ಆದರೂ ಎರಡು ಉತ್ತರಗಳು ಹೊಂದುತ್ತಿದ್ದವು. ನಮ್ಮಲ್ಲೂ ಸಿ.ಟಿ. ಹೇಳಿದ ಗಾತ್ರ ಸರಿ, ಪೆಟ್ ಹೇಳಿದ ಹೊಳಪು ಸರಿ. ಆದರೆ ಕ್ಯಾನ್ಸರ್ ಎಂಬ ಉತ್ತರವೂ ಹೊಂದುತ್ತಿತ್ತು, ಕ್ಷಯ ಎಂಬ ಉತ್ತರವೂ ಹೊಂದುತ್ತಿತ್ತು. ಕರ್ಣದ ಮೊತ್ತವನ್ನು ಕೊಟ್ಟದ್ದು ಆ ಸೂಜಿ. ಭಯದಲ್ಲಿದ್ದ ನಾನು ಎರಡೇ ಸಮೀಕರಣ ಹಿಡಿದುಕೊಂಡು ಉತ್ತರ ಬರೆಯಹೊರಟಿದ್ದೆ. ನೀವು ಹಾಗೆ ಮಾಡಿದ್ದಿದ್ದರೆ ನಾನು ಸೊನ್ನೆ ಹಾಕುತ್ತಿದ್ದೆ.

ಇದರ ವಿರುದ್ಧದ ತಪ್ಪೂ ಆಗಬಹುದು. ಕೆಲವೇ ಮಿಲಿಮೀಟರಿನ ಚಿಕ್ಕ ಗಂಟು ಪೆಟ್ ಕಣ್ಣಿಗೆ ಬೀಳದೆ ಹೋಗಬಹುದು. ಪ್ರಾಸ್ಟೇಟ್ ಕ್ಯಾನ್ಸರಿನಂತಹ ಕೆಲವು ಬಗೆಗಳು ಸಕ್ಕರೆಯನ್ನು ಅಷ್ಟಾಗಿ ತಿನ್ನುವುದಿಲ್ಲ; ಅದಕ್ಕಾಗಿಯೇ ಪಿ.ಎಸ್.ಎಂ.ಎ. ಎಂಬ ಬೇರೆ ಗುರುತನ್ನು ಹಿಡಿಯುವ ಔಷಧಗಳು ಬಂದಿವೆ.

ನಿಮ್ಮಲ್ಲಿ ಕೆಲವರು, “ಸಾರ್, ನಮಗೂ ಐವತ್ತಾಯಿತು, ಮುನ್ನೆಚ್ಚರಿಕೆಗೆ ಇಡೀ ಮೈಗೆ ಒಂದು ಪೆಟ್ ಮಾಡಿಸಿಬಿಡೋಣವೇ?” ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಓದಿದ್ದನ್ನು ಹೇಳುತ್ತೇನೆ. ರೋಗದ ಲಕ್ಷಣವೇ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಪೆಟ್-ಸಿ.ಟಿ.ಯನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಪ್ರಕೃತಿಯಿಂದ ಹಲವು ವರ್ಷಗಳಲ್ಲಿ ಬರುವಷ್ಟು ವಿಕಿರಣ ಅದೊಂದರಿಂದಲೇ ಮೈಗೆ ತಾಗುತ್ತದೆ. ಬಹಳ ಕಾಲ ಧೂಮಪಾನ ಮಾಡಿದವರಿಗೆ ಕಡಿಮೆ ಪ್ರಮಾಣದ ಎದೆಯ ಸಿ.ಟಿ.ಯಿಂದ ಪ್ರಯೋಜನವುಂಟು. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಎಕ್ಸ್‌ರೇಗೆ ಹೋಲಿಸಿದರೆ, ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡ 20ರಷ್ಟು ಕಡಿಮೆಯಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ ಅನುಮಾನ ಹುಟ್ಟಿಸಿದ ಸಿ.ಟಿ. ಫಲಿತಾಂಶಗಳಲ್ಲಿ ನೂರಕ್ಕೆ 96ರಷ್ಟು ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಕ್ಷಯದ ಔಷಧದ ಕೋರ್ಸು ಮುಗಿದಿದೆ. ಮೊನ್ನೆಯ ತಪಾಸಣೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದಿದ್ದಾರೆ. ಮುಂದಿನದು ದೇವರಿಗೆ ಬಿಟ್ಟದ್ದು. ಇದನ್ನು ಬೆರಳಚ್ಚಿಸುತ್ತಿರುವಾಗ ಅಡುಗೆಮನೆಯಿಂದ, “ರೀ, ಇನ್ನೂ ಮುಗಿಯಲಿಲ್ಲವೇ ನಿಮ್ಮ ಪಾಠ? ಕಾಫಿ ಆರುತ್ತಿದೆ” ಎಂಬ ಕೂಗು ಕೇಳಿಸುತ್ತಿದೆ. ಆಸ್ಪತ್ರೆಗೆ ಬಂದು ರಕ್ತ ಕೊಟ್ಟವರಿಗೆ, ಸರದಿಯಲ್ಲಿ ನಿಂತವರಿಗೆ, ಬುತ್ತಿ ತಂದವರಿಗೆ ನಾವಿಬ್ಬರೂ ಋಣಿಗಳು. ಇನ್ನು ಮುಂದೆ ಯಾರ ಮನೆಯಲ್ಲಾದರೂ ಇಂತಹ ಸಂದರ್ಭ ಬಂದರೆ, “ಸ್ಕ್ಯಾನಿನಲ್ಲಿ ಏನು ಬಂತು?” ಎಂದು ಕೇಳಿ, ತಪ್ಪಿಲ್ಲ. ಅದರ ಜೊತೆಗೆ, “ಬಯಾಪ್ಸಿ ಏನು ಹೇಳಿತು?” ಎಂದೂ ಕೇಳಿ.